ಚಿಕ್ಕಮಗಳೂರಿನಲ್ಲಿರುವ ನಾವು ಡಬ್ಬಿ ಪುಡಿ ಹಾಕಿ ಮೋಕಾ ಪಾಟ್‌ನಲ್ಲಿ (ಒಲೆಯ ಮೇಲಿಡುವ, ಎರಡು ಅಂತಸ್ತಿನ ಕಾಫಿ ಪಾತ್ರೆ) ಮಾಡಿದ ಕಾಫಿ ಯಾಕೆ ಕಹಿಯಾಗುತ್ತೆ? ಇಬ್ಬರಿಗೆ ಯಾವ ಅಳತೆಯದು ಬೇಕು?

ಕಹಿಗೆ ಮುಖ್ಯ ಕಾರಣ, ಒಲೆಯಿಂದ ತಡವಾಗಿ ಇಳಿಸುವುದು. ಕೆಳಗಿನ ಪಾತ್ರೆ ಬಿಸಿಯಾದಂತೆ ಒಳಗಿನ ಗಾಳಿ, ಹಬೆ ಹಿಗ್ಗಿ ನೀರನ್ನು ಕೊಳವೆಯೊಳಗಿಂದ ಪುಡಿಯ ಮೂಲಕ ಮೇಲಕ್ಕೆ ತಳ್ಳುತ್ತವೆ. ನೀರು ಕೊಳವೆಯ ಬಾಯಿಗಿಂತ ಕೆಳಗಿಳಿದರೆ ಸುಡುವ ಹಬೆಯೇ ಪುಡಿಗೆ ನುಗ್ಗಿ ಕಹಿಯನ್ನೆಲ್ಲ ಕಿತ್ತು ತರುತ್ತೆ. ಅದಕ್ಕೇ ಸಣ್ಣ ಉರಿ ಇಟ್ಟು ಮುಚ್ಚಳ ತೆರೆದು ನೋಡುತ್ತಿರಿ. ಮೊದಲು ಕಡು ಕಂದು ಡಿಕಾಕ್ಷನ್ ನಿಧಾನವಾಗಿ ಉಕ್ಕಿ ಬರುತ್ತೆ. ಬಣ್ಣ ತೆಳುವಾಗಿ ಹಳದಿಗೆ ತಿರುಗಿ, ಗೊರಗೊರ ಸದ್ದು ಶುರುವಾಗುತ್ತಿದ್ದಂತೆ ಇಳಿಸಿ, ತಳವನ್ನು ನಲ್ಲಿ ನೀರಿಗೆ ಹಿಡಿಯಿರಿ.

ಚಿಕ್ಕಮಗಳೂರಿನಲ್ಲೇ ಇದ್ದೀರಿ, ಡಬ್ಬಿ ಪುಡಿ ಯಾಕೆ? ಪುಡಿ ಅಂಗಡಿಯಲ್ಲಿ ಚಿಕೋರಿ ಬೇಡ ಅನ್ನಿ, ಸಣ್ಣ ರವೆಗಿಂತ ಸ್ವಲ್ಪ ನುಣ್ಣಗೆ ಬೀಸಿಸಿಕೊಳ್ಳಿ. ಚಿಕೋರಿ ನೀರು ಹೀರಿ ದಾರಿ ಕಟ್ಟುತ್ತೆ. ಫಿಲ್ಟರಿಗೆ ಒತ್ತಿದ ಹಾಗೆ ಇಲ್ಲಿ ಪುಡಿ ಒತ್ತಲೇಬಾರದು. ನೀರಿನ ಮಟ್ಟ ಪಕ್ಕದ ಸೇಫ್ಟಿ ವಾಲ್ವ್‌ಗಿಂತ ಕೆಳಗಿರಲಿ. ಒತ್ತಡ ಮಿತಿ ಮೀರಿದರೆ ಹೊರಹೋಗಲು ಇರುವ ದಾರಿ ಅದು.

ಇನ್ನು ಅಳತೆ. ಮೋಕಾ ಪಾಟ್‌ಗಳನ್ನು ಮಾರುವಾಗ ಹೇಳುವ ‘3 ಕಪ್’ ಅಂದರೆ ಇಟಲಿಯ ಪುಟ್ಟ ಕಪ್, ಒಂದಕ್ಕೆ ಸುಮಾರು 40–50 ಮಿ.ಲೀ. ಹಾಲು ಬೆರೆಸಿ ಕುಡಿಯುವ ಇಬ್ಬರಿಗೆ ಧಾರಾಳ. ನೆಂಟರು ಬಂದಾರೆಂದು ದೊಡ್ಡದು ಕೊಳ್ಳಬೇಡಿ, ಪುಡಿಯ ಬಟ್ಟಲು ಪೂರ್ತಿ ತುಂಬದಿದ್ದರೆ ಕಾಫಿ ನೀರುನೀರಾಗುತ್ತೆ. ಗ್ಯಾಸ್ ಒಲೆಗೆ 1933ರಿಂದ ಬಂದಿರುವ, ಇಟಲಿಯ ಬಿಯಾಲೆಟ್ಟಿ ಕಂಪನಿಯ ಮಾದರಿಯ ಅಲ್ಯೂಮಿನಿಯಂ ಪಾತ್ರೆ ಚೆನ್ನಾಗಿದೆ; ಇಂಡಕ್ಷನ್ ಆದರೆ ತಳಕ್ಕೆ ಅಯಸ್ಕಾಂತ ಅಂಟುವಂಥದೇ ಬೇಕು.

ಹೋಟೆಲಿನ ಎಸ್ಪ್ರೆಸೊ ಮೇಲಿನ ದಪ್ಪ ನೊರೆ ಮಾತ್ರ ಇದರಲ್ಲಿ ಸಿಗದು. ಆ ಯಂತ್ರದ ಒತ್ತಡ ಸುಮಾರು 9 ಬಾರ್, ಇದರದು 1–2.