ಕಲ್ಲಿದ್ದಲು ಎಲ್ಲಿ, ದುಡ್ಡು ಕೊಟ್ಟವರು ಯಾರು?

ಮಾನ್ಯರೇ,

ಮುಂಬೈಯಿಂದ ಲಂಡನ್ನಿಗೆ ಹೊಗೆಹಡಗಿನಲ್ಲಿ ಟಪಾಲು ಹೋಗುತ್ತಿದ್ದ ಕಾಲದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಭಾಷೆ ಸರಾಗ, ಕಾಗುಣಿತದ ತಪ್ಪಿಲ್ಲ. ಆದರೆ ಎರಡನೆಯ ಪುಟಕ್ಕೆ ಬಂದಾಗ ಸಿಟ್ಟು ಬಂತು. ಈ ವಿಷಯ ನನಗೆ ಬಹಳ ಹತ್ತಿರದ್ದು, ಅದಕ್ಕೇ. ಉಳಿದದ್ದನ್ನು ಬಿಟ್ಟು ಆ ಪುಟದ ಮೂರು ವಾಕ್ಯಗಳನ್ನಷ್ಟೇ ಹಿಡಿಯುತ್ತೇನೆ.

"1830ರಲ್ಲಿ ಮುಂಬೈ ಮತ್ತು ಸೂಯೆಜ್ ನಡುವೆ ಉಗಿಹಡಗಿನ ಅಂಚೆ ಸೇವೆಯನ್ನು ಆರಂಭಿಸಲಾಯಿತು."

ಯಾರು ಆರಂಭಿಸಿದರು? ನಾನು ಉಪಸಂಪಾದಕನಾಗಿ ಕೆಲಸ ಕಲಿಯುತ್ತಿದ್ದಾಗ ನಮ್ಮ ಹಿರಿಯರು 'ಲಾಯಿತು' ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ 'ಯಾರು?' ಎಂದು ಬರೆದು ಹಾಳೆ ವಾಪಸ್ ಕೊಡುತ್ತಿದ್ದರು. ಅದು ವ್ಯಾಕರಣದ ತಕರಾರಾಗಿರಲಿಲ್ಲ. ಕರ್ತೃ ಮರೆಯಾದರೆ ಖರ್ಚು ಹೊತ್ತವನೂ ಬೇಡವೆಂದವನೂ ಜೊತೆಗೇ ಮರೆಯಾಗುತ್ತಾರೆ. ನಿಮ್ಮಲ್ಲಿ ಆಗಿರುವುದು ಅದೇ. ಹ್ಯೂ ಲಿಂಡ್ಸೆ ಹಡಗನ್ನು ಕಳಿಸಿದ್ದು ಮುಂಬೈ ಸರ್ಕಾರ, ಜಾನ್ ಮಾಲ್ಕಮ್ ಗವರ್ನರ್ ಆಗಿದ್ದಾಗ. ಲಂಡನ್ನಿನಲ್ಲಿ ಕೂತಿದ್ದ ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರುಗಳಿಗೆ ಆ ಖರ್ಚು ಒಪ್ಪಿಗೆಯಾಗಲಿಲ್ಲ. ಹಾಗಾಗಿ 1830ರಲ್ಲಿ ಶುರುವಾದದ್ದು ಸೇವೆಯಲ್ಲ, ಒಂದು ಪ್ರಯೋಗ. ಆಮೇಲಿನ ವರ್ಷಗಳಲ್ಲಿ ಹಡಗು ಆಗೊಮ್ಮೆ ಈಗೊಮ್ಮೆ ಹೋಯಿತು, ಅಷ್ಟೆ. 1834ರಲ್ಲಿ ಪಾರ್ಲಿಮೆಂಟಿನ ಸಮಿತಿ ಕೂತಿತು. 1837ರಲ್ಲಿ ಬ್ರಿಟಿಷ್ ಸರ್ಕಾರ ಖರ್ಚಿನ ಪಾಲು ಕೊಡಲು ಒಪ್ಪಿತು. ತಿಂಗಳಿಗೊಂದು ಹಡಗು ಎಂಬ ಮಾತಿಗೆ ಅರ್ಥ ಬಂದದ್ದು ಆಮೇಲೆ. ಏಳು ವರ್ಷದ ಈ ಎಳೆದಾಟವನ್ನು ನೀವು ಒಂದು 'ಲಾಯಿತು' ಹಾಕಿ ಮುಗಿಸಿದ್ದೀರಿ.

"ಹ್ಯೂ ಲಿಂಡ್ಸೆ ಹಡಗು ಅಲೆಗಳನ್ನು ಸೀಳುತ್ತ ಕೇವಲ ಒಂದು ತಿಂಗಳಲ್ಲಿ ಸೂಯೆಜ್ ತಲುಪಿತು."

ನನ್ನನ್ನು ಹೆಚ್ಚು ಕಾಡಿದ್ದು ಈ ವಾಕ್ಯ. ಇದರಲ್ಲಿ ಅಲೆ ಇದೆ, ಕಲ್ಲಿದ್ದಲಿಲ್ಲ. ಹಡಗು ಮಾರ್ಚ್ 20ರಂದು ಮುಂಬೈ ಬಿಟ್ಟು ಏಪ್ರಿಲ್ 22ರಂದು ಸೂಯೆಜ್ ಸೇರಿತು ಎಂಬುದು ಸರಿ. ಆದರೆ ಆ 33 ದಿನಗಳಲ್ಲಿ ಅದು ನಡೆದದ್ದು ಸುಮಾರು 21 ದಿನ ಮಾತ್ರ. ಉಳಿದ ದಿನಗಳಲ್ಲಿ ಹೆಚ್ಚಿನವು ದಾರಿಯ ಬಂದರುಗಳಾದ ಏಡನ್, ಜೆಡ್ಡಾ, ಕೊಸೈರ್‌ಗಳಲ್ಲಿ ಇದ್ದಲು ತುಂಬುವುದಕ್ಕೇ ಹೋದವು. ಹಡಗು 411 ಟನ್ನಿನದು, ತಲಾ 80 ಅಶ್ವಶಕ್ತಿಯ ಎರಡು ಎಂಜಿನ್. ಅದರ ಇದ್ದಲು ಕೋಣೆಯಲ್ಲಿ ಹಿಡಿಸುತ್ತಿದ್ದದ್ದು ಐದಾರು ದಿನದ ಉರುವಲು. ಏಡನ್ನಿಗೆ 1,600ಕ್ಕೂ ಹೆಚ್ಚು ನಾಟಿಕಲ್ ಮೈಲಿ. ಆದ್ದರಿಂದ ಕ್ಯಾಬಿನ್ನುಗಳಲ್ಲೂ ಡೆಕ್ಕಿನ ಮೇಲೂ ಇದ್ದಲು ಪೇರಿಸಿದರು. ಭಾರಕ್ಕೆ ಹಡಗು ತಗ್ಗಿತು. ತಗ್ಗಿದರೆ ಹಡಗನ್ನು ನಡೆಸುವ ಪಕ್ಕದ ಚಕ್ರಗಳು ನೀರಿನಲ್ಲಿ ಆಳಕ್ಕೆ ಮುಳುಗುತ್ತವೆ, ನೀರನ್ನು ಹಿಂದಕ್ಕೆ ತಳ್ಳುವ ಬದಲು ಮೇಲಕ್ಕೆತ್ತುತ್ತ ಶಕ್ತಿ ಕಳೆಯುತ್ತವೆ. ಇದ್ದಲು ಉರಿದು ಹಡಗು ಹಗುರಾದ ಹಾಗೆ ಅದೇ ಚಕ್ರ ಮೇಲೆ ಬಂದು ನೀರಿನ ಹಿಡಿತ ಕಡಿಮೆಯಾಗುತ್ತದೆ. ಹನ್ನೊಂದನೆಯ ದಿನ ಏಡನ್ ಮುಟ್ಟಿದಾಗ ಉಳಿದದ್ದು ಕೆಲವೇ ಗಂಟೆಗಳ ಇದ್ದಲು. ಬಾಯ್ಲರಿಗೆ ಆಗ ಸಮುದ್ರದ ನೀರೇ. ಉಪ್ಪು ಗಟ್ಟಿ ಪದರವಾಗಿ ಕೂರುತ್ತದೆ. ದಾರಿಯಲ್ಲಿ ಆಗಾಗ ಉಪ್ಪುನೀರು ಹೊರಬಿಡಬೇಕು, ಹಡಗು ನಿಂತಾಗ ಒಳಗಿಳಿದು ಕೆರೆದು ತೆಗೆಯಬೇಕು. ಅದೂ ಅಲ್ಲದೆ ಏಡನ್ನಿನ ಇದ್ದಲು ಅಲ್ಲಿಯದಲ್ಲ, ಹಾಯಿ ಹಡಗಿನಲ್ಲಿ ಮುಂಚೆಯೇ ಹೋಗಿ ಕಾದಿರಬೇಕು. 1839ರಲ್ಲಿ ಇಂಗ್ಲಿಷರು ಏಡನ್ ವಶಪಡಿಸಿಕೊಂಡದ್ದಕ್ಕೆ ಈ ಇದ್ದಲೂ ಒಂದು ದೊಡ್ಡ ಕಾರಣ. ಅದನ್ನು ನೀವು ಕೊನೆಯ ಪುಟದಲ್ಲಿ ಬೇರೆಯೇ ಸಂಗತಿ ಎಂಬಂತೆ ಬರೆದಿದ್ದೀರಿ.

"1845ರಲ್ಲಿ ಪಿ ಅಂಡ್ ಓ ಕಂಪನಿಯ ಹಡಗಿನಲ್ಲಿ ಮುಂಬೈಯಿಂದ ಹೊರಟ ಕಾಗದವನ್ನು ಸೂಯೆಜ್ ಮೂಲಕ ಲಂಡನ್ನಿಗೆ ತಲುಪಿಸಲಾಯಿತು."

1845ರಲ್ಲಿ ಪಿ ಅಂಡ್ ಓ ಹಡಗುಗಳು ಓಡುತ್ತಿದ್ದದ್ದು ಕಲ್ಕತ್ತಾ, ಮದ್ರಾಸು, ಸಿಂಹಳದ ಗಾಲೆ, ಸೂಯೆಜ್ ದಾರಿಯಲ್ಲಿ. ಮುಂಬೈ ಟಪಾಲು ಈಸ್ಟ್ ಇಂಡಿಯಾ ಕಂಪನಿಯ ನೌಕಾಪಡೆಯ ಕೈಯಲ್ಲೇ ಇತ್ತು, ಪಿ ಅಂಡ್ ಓಗೆ ಹೋದದ್ದು 1854ರಲ್ಲಿ. ಇನ್ನು 'ಸೂಯೆಜ್ ಮೂಲಕ' ಎಂದರೆ ಓದುವವನ ಕಣ್ಣಿಗೆ ಕಾಲುವೆ ಬರುತ್ತದೆ. ಕಾಲುವೆ ತೆರೆದದ್ದು 1869ರ ನವೆಂಬರಿನಲ್ಲಿ. ನಿಮ್ಮ ಕಾಗದ ಸೂಯೆಜ್‌ನಲ್ಲಿ ಹಡಗಿಳಿದು, ಒಂಟೆಯ ಮೇಲೆ ಸುಮಾರು 84 ಮೈಲಿ ಮರುಭೂಮಿ ದಾಟಿ ಕೈರೋ ಸೇರಬೇಕು. ಕೈರೋದ ನದಿ ಬಂದರು ಬೂಲಾಕ್‌ನಲ್ಲಿ ನೈಲ್ ನದಿಯ ದೋಣಿ ಹತ್ತಬೇಕು, ಅತ್ಫೆಯಲ್ಲಿ ಇಳಿದು ಅಲೆಕ್ಸಾಂಡ್ರಿಯಾಕ್ಕೆ ಹೋಗುವ ಮಹಮೂದಿಯಾ ಕಾಲುವೆಯ ದೋಣಿಗೆ ಬದಲಾಗಬೇಕು. ಅಲೆಕ್ಸಾಂಡ್ರಿಯಾದಲ್ಲಿ ಮತ್ತೆ ಹಡಗು. ಪ್ರತಿ ಬದಲಾವಣೆಯಲ್ಲೂ ಪೆಟ್ಟಿಗೆ ಎಣಿಸಬೇಕು, ಒಂದು ಕಡೆ ತಡವಾದರೆ ಮುಂದಿನದೆಲ್ಲ ತಡ. ಅಲ್ಲಿಂದ ಮುಂದೆ ಎರಡು ದಾರಿ: ಸೌತಾಂಪ್ಟನ್ನಿಗೆ ಪೂರಾ ಸಮುದ್ರದಲ್ಲಿ, ನಿಧಾನ, ಅಗ್ಗ. ಇಲ್ಲವೇ ಮಾರ್ಸೇಲ್ಸಿನಲ್ಲಿಳಿದು ಫ್ರಾನ್ಸಿನ ನೆಲದ ಮೇಲೆ, ಬೇಗ, ದುಬಾರಿ. ಫ್ರೆಂಚರ ದರ ಕಾಲು ಔನ್ಸಿನ ಲೆಕ್ಕದ್ದು. ಅದಕ್ಕೇ ಜನ ಈರುಳ್ಳಿ ಸಿಪ್ಪೆಯಂಥ ತೆಳು ಕಾಗದದಲ್ಲಿ ಬರೆದು, ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ ಬರೆದ ಸಾಲಿನ ಮೇಲೆಯೇ ಮತ್ತೆ ಬರೆಯುತ್ತಿದ್ದರು. ನಿಮ್ಮ ಲೇಖನದ ಹೆಸರಿನಲ್ಲೇ 'ಕಾಗದ' ಇದೆ, ಒಳಗೆ ಅದರ ತೂಕ ಒಮ್ಮೆಯೂ ಬಂದಿಲ್ಲ.

ಎರಡನೆಯ ಪುಟವನ್ನು ಹೊಸದಾಗಿ ಬರೆದು ಕಳಿಸಿ. ಅಲೆ ಸೀಳುವುದನ್ನು ತೆಗೆಯಿರಿ, ಕ್ಯಾಬಿನ್ನಿನಲ್ಲಿ ಪೇರಿಸಿದ ಇದ್ದಲಿನಿಂದ ಶುರು ಮಾಡಿ. ಮುಂದಿನ ತಿಂಗಳ ಸಂಚಿಕೆಯಲ್ಲಿ ನಾಲ್ಕು ಪುಟ ನಿಮಗಾಗಿ ಖಾಲಿ ಬಿಟ್ಟಿದ್ದೇನೆ.

ಇಂತಿ,
ಸಂಪಾದಕ