ಕಡಿಮೆ ಖರ್ಚು ಎಂದರೆ ಕಳಪೆ ಎಂದೇನಲ್ಲ

ಅಭಿವೃದ್ಧಿಶೀಲ ದೇಶದಲ್ಲಿ ಕಡಿಮೆ ದುಡ್ಡಿಗೆ ಒಳ್ಳೆಯ ಚಿಕಿತ್ಸೆ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ. ಥಾಯ್ಲೆಂಡನ್ನೇ ನೋಡಿ. 2001ರಲ್ಲಿ ಅಲ್ಲಿನ ಸರ್ಕಾರ ಆಸ್ಪತ್ರೆಯ ಭೇಟಿಯೊಂದಕ್ಕೆ 30 ಬಾತ್ (ಅಲ್ಲಿನ ಕರೆನ್ಸಿ) ಮಾತ್ರ ಪಡೆಯುವ ಯೋಜನೆ ತಂದಿತು. ಉಳಿದದ್ದು ತೆರಿಗೆ ಹಣ. ಹೊರರೋಗಿಗಳ ಚಿಕಿತ್ಸೆಗೆಂದು ಆಸ್ಪತ್ರೆಗೆ ಸಿಗುವುದು, ಎಷ್ಟೇ ಪರೀಕ್ಷೆ ಮಾಡಿದರೂ, ನೋಂದಾಯಿಸಿಕೊಂಡವರ ತಲೆಗೆ ಇಷ್ಟು ಎಂಬ ನಿಗದಿತ ಮೊತ್ತ. ಹಾಗಾಗಿ ಬೇಡದ ಸ್ಕ್ಯಾನ್ ಬರೆದುಕೊಟ್ಟರೆ ಆಸ್ಪತ್ರೆಗೇ ನಷ್ಟ! ನನಗೆ ಬಹಳ ಮೆಚ್ಚುಗೆಯಾದದ್ದು ಇದೇ. ಅಲ್ಲೂ ಸರದಿ ಸಾಲು ಉದ್ದ, ಸಿಬ್ಬಂದಿಯ ಮೇಲೆ ಒತ್ತಡ ಹೆಚ್ಚು ಎಂಬುದೂ ನಿಜ.

ಆಸ್ಪತ್ರೆ ಆರಿಸುವಾಗ ಥಳಥಳಿಸುವ ನೆಲಕ್ಕೆ ಮರುಳಾಗಬೇಡಿ. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ದಾದಿಯರು ಕೈ ತೊಳೆಯುತ್ತಾರೆಯೇ, ರಾತ್ರಿ ಪಾಳಿಯಲ್ಲಿ ವೈದ್ಯರು ಇರುತ್ತಾರೆಯೇ ಗಮನಿಸಿ. ಶಸ್ತ್ರಚಿಕಿತ್ಸೆಯಾದರೆ ಔಷಧಿಯೂ ಸೇರಿದ ಅಂದಾಜು ವೆಚ್ಚವನ್ನು ಮೊದಲೇ ಬರವಣಿಗೆಯಲ್ಲಿ ಕೇಳಿ ಪಡೆಯಿರಿ.