ಜೇಡ ಉಚ್ಚೆ ಹೊಯ್ಯುವುದಿಲ್ಲ, ಇನ್ನೊಂದು ಸಲ ಹೇಳುತ್ತೇನೆ

ಪ್ರಶ್ನೆ: ಪಾವಗಡದ ಹತ್ತಿರ ನಮ್ಮ ಕಡಲೆಕಾಯಿ ಹೊಲದ ಬದುವಿನಲ್ಲಿ ಒಂದು ಪುಟ್ಟ ಜೇಡ ಕಂಡೆ. ಬೆನ್ನ ಮೇಲೆ ಎರಡು ಬಿಳಿ ಪಟ್ಟೆ, ನೆಲದ ಮೇಲೇ ಓಡಾಟ, ಹತ್ತಿರ ಹೋದರೆ ನೆಗೆಯುತ್ತದೆ. ಇದು ಉಚ್ಚೆ ಹೊಯ್ದರೆ ಗುಳ್ಳೆ ಏಳುತ್ತದಂತೆ. ಹೆಂಡತಿಯ ಕತ್ತಿನ ಮೇಲೆ ಬರೆ ಎಳೆದ ಹಾಗೆ ಗುಳ್ಳೆ ಬಂದಿದೆ. ಫೋಟೊ ಕಳಿಸಿದ್ದೇನೆ, ಹೆಸರು ಹೇಳಿ.

ಉತ್ತರ: ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಈ ಉಚ್ಚೆ ಪುರಾಣ ಶುರು. ಜೇಡಕ್ಕೆ ನಮ್ಮ ಹಾಗೆ ಉಚ್ಚೆಯೇ ಇಲ್ಲ ಸ್ವಾಮಿ. ನೀರು ಉಳಿಸಿಕೊಳ್ಳಬೇಕಲ್ಲ, ಅದಕ್ಕೆ ಕಸವನ್ನೆಲ್ಲ ಸುಣ್ಣದ ಚುಕ್ಕಿಯಂಥ ಹಿಕ್ಕೆಯಾಗಿ ಹಾಕುತ್ತದೆ. ಅದು ಗೋಡೆಗೆ ಅಂಟುತ್ತದೆ, ಚರ್ಮ ಸುಡುವುದಿಲ್ಲ.

ನೀವು ಕಂಡಿದ್ದು ನೆಗೆಯುವ ಜೇಡಗಳಲ್ಲಿ ಸ್ಟೆನೆಲುರಿಲಸ್ ಎಂಬ ಕುಲದ್ದು (ಕುಲ ಅಂದರೆ ಹತ್ತಿರದ ನೆಂಟ ಜಾತಿಗಳ ಗುಂಪು) ಇರಬೇಕು. ‘ಇರಬೇಕು’ ಅಂದೆ, ಗಮನಿಸಿ. 1886ರಲ್ಲಿ ಹೆಸರು ಪಡೆದ ಕುಲ ಇದು. ಆದರೂ ಪಶ್ಚಿಮ ಘಟ್ಟದಲ್ಲಿ ಇದರ ಹೊಸ ಜಾತಿ 2015ರಲ್ಲೂ ದಾಖಲಾಗಿದೆ. ಗಂಡಿನ ಬಾಯಿ ಪಕ್ಕದ ಗಿಡ್ಡ ಕೈಯನ್ನೋ ಹೆಣ್ಣಿನ ಹೊಟ್ಟೆಯಡಿಯ ಜನನಾಂಗವನ್ನೋ ಸೂಕ್ಷ್ಮದರ್ಶಕದಲ್ಲಿ ನೋಡದೆ ಜಾತಿ ಹೇಳುವುದು ಗಿಣಿಶಾಸ್ತ್ರ. ಮೊಬೈಲ್ ಫೋಟೊ ನೋಡಿ ನಾನು ಹೇಳುವುದಿಲ್ಲ, ಬೇಜಾರು ಮಾಡ್ಕೋಬೇಡಿ.

ಇನ್ನೊಮ್ಮೆ ಸಿಕ್ಕರೆ ಸುಮ್ನೆ ಪಕ್ಕದಲ್ಲಿ ಕೂತು ಬೆರಳು ಆಡಿಸಿ. ಮೈ ಸಮೇತ ತಿರುಗಿ, ಮುಂದಿನ ಎರಡು ದೊಡ್ಡ ಕಣ್ಣಿಂದ ನಿಮ್ಮನ್ನೇ ನೋಡುತ್ತದೆ. ಕಣ್ಣು ಒಟ್ಟು ಎಂಟು. ನೆಗೆಯುವ ಮೊದಲು ನೆಲಕ್ಕೆ ಒಂದು ಎಳೆ ಅಂಟಿಸುತ್ತದೆ, ಗುರಿ ತಪ್ಪಿದರೂ ತೂಗಾಡಿಕೊಂಡು ಬಚಾವು. ಆ ನೆಗೆತಕ್ಕೆ ದಪ್ಪ ತೊಡೆ ಬೇಕಾಗಿಲ್ಲ. ಮೈಯೊಳಗಿನ ದ್ರವದ ಒತ್ತಡ ಏರಿಸಿ ಕಾಲು ಚಿಮ್ಮಿಸುತ್ತದೆ. ಮಧುಗಿರಿ ಕಡೆ ಇಂಥದ್ದೊಂದರ ಹಿಂದೆ ಬಿಸಿಲಲ್ಲಿ ಮೊಣಕಾಲೂರಿ ಅರ್ಧ ದಿನ ಕಳೆದಿದ್ದೇನೆ. ಅಂಗಿ ಹರಿಯಿತು, ಗುಳ್ಳೆ ಏಳಲಿಲ್ಲ.

ಹಾಗಾದರೆ ಗುಳ್ಳೆ? ಮಳೆಗಾಲದಲ್ಲಿ ರಾತ್ರಿ ದೀಪಕ್ಕೆ ಬರುವ ಪೇಡೆರಸ್ ದುಂಬಿ ಇರಬಹುದು. ದೊಡ್ಡ ಇರುವೆಯ ಹಾಗೆ, ಕಪ್ಪು–ಕಿತ್ತಳೆ ಬಣ್ಣ. ಕಚ್ಚುವುದಿಲ್ಲ. ಕತ್ತಿನ ಮೇಲೆ ಕೂತಾಗ ನಾವೇ ಉಜ್ಜಿ ಅದರ ರಸ ಬಳಿದುಕೊಳ್ಳುತ್ತೇವೆ, ಗೆರೆಯ ಹಾಗೆ ಸುಡುತ್ತದೆ. ಊದಿ ಹಾರಿಸಿ, ಸೋಪು ಹಾಕಿ ತೊಳೆಯಿರಿ. ಒಂದೇ ಪಕ್ಕಕ್ಕೆ ಉರಿ ನೋವು ಜಾಸ್ತಿ ಇದ್ದರೆ ಸರ್ಪಸುತ್ತು ಇರಬಹುದು. ಅದು ವೈರಸ್ಸು. ಮೊದಲ 3 ದಿನದಲ್ಲಿ ಮಾತ್ರೆ ಶುರುವಾದರೆ ಒಳ್ಳೆಯದು. ಆ 3 ದಿನವನ್ನು ಕೆಮ್ಮಣ್ಣಲ್ಲಿ ಹಾವು ಬರೆಯುವವನ ಮುಂದೆ ಕೂತು ಕಳೆಯಬೇಡಿ. ಇವತ್ತೇ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಪ್ರಶ್ನೆ: ಕೋಲಾರದಲ್ಲಿ ಟೊಮೆಟೊ ಬೆಳೆಯುತ್ತೇನೆ. ಹುಳ ತಿನ್ನಲು ಇಂಥ ಜೇಡ ತಂದು ಬಿಡಬಹುದಾ?

ಉತ್ತರ: ತರುವುದು ಬೇಡ, ಸಿಕ್ಕಾಪಟ್ಟೆ ಔಷಧಿ ಹೊಡೆಯುವುದು ನಿಲ್ಲಿಸಿ, ತಾವೇ ಬರುತ್ತವೆ.

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ಮಗ ಒಂದು ಹಿಡಿದು ಬಾಟಲಿಗೆ ಹಾಕಿದ್ದಾನೆ. ಅನ್ನ ತಿನ್ನುತ್ತಿಲ್ಲ, ಏನು ಕೊಡಲಿ?

ಉತ್ತರ: ಮುಚ್ಚಳ ತೆಗೆದು ಕೊಡಿ.